ಮೂರು ಪಾಲಿನ ಮಾತು ಎಲ್ಲಿ ಹೋಯಿತು? ಮುಂಬೈ ಮಿಲ್ಲು ಜಾಗದ ಲೆಕ್ಕ

ನಮ್ಮ ಕಡೆ ಗಿರಣಿ ಅಂದರೆ ಜೋಳ, ಗೋಧಿ ಬೀಸಿಕೊಂಡು ಬರುವ ಜಾಗ. ಮುಂಬೈನಲ್ಲಿ ಗಿರಣಿ ಅಂದರೆ ಬಟ್ಟೆ ಮಿಲ್ಲು. ಪರೇಲ್, ಲಾಲ್‌ಬಾಗ್, ವರ್ಲಿ, ಬೈಕುಲಾ ಸುತ್ತಮುತ್ತಲಿನ ಭಾಗಕ್ಕೆ ಇವತ್ತಿಗೂ 'ಗಿರಣಗಾಂವ್' ಅನ್ನುವ ಹೆಸರಿದೆ. ಅಂದರೆ ಗಿರಣಿಗಳ ಊರು. ಊರಿನ ಹೆಸರು ಉಳಿದಿದೆ, ಗಿರಣಿಗಳು ಉಳಿದಿಲ್ಲ.

ಮಿಲ್ಲಿನ ಚಿಮಣಿ ಇದ್ದ ಕಡೆ ಈಗ ಗಾಜಿನ ಕಟ್ಟಡಗಳಿವೆ. ಅವುಗಳೊಳಗೆ ಬ್ಯಾಂಕು, ಷೇರು, ವಿಮೆ, ಮ್ಯೂಚುವಲ್ ಫಂಡ್ ಕಂಪನಿಗಳ ಕಚೇರಿಗಳಿವೆ. ಎಲ್ಫಿನ್‌ಸ್ಟನ್ ಮಿಲ್ಲಿನ ಜಾಗದಲ್ಲಿ ಎದ್ದ ಕಟ್ಟಡಕ್ಕೆ ಇಟ್ಟ ಹೆಸರೇ ಇಂಡಿಯಾಬುಲ್ಸ್ ಫೈನಾನ್ಸ್ ಸೆಂಟರ್. ಫೀನಿಕ್ಸ್ ಮಿಲ್ಲು ಮಾಲ್ ಆಗಿದೆ. ಕಮಲಾ ಮಿಲ್ಲಿನ ಆವರಣದಲ್ಲಿ ಕಚೇರಿ, ಹೋಟೆಲು, ಪಬ್ಬುಗಳಿವೆ. ನಿಮ್ಮ ಫೋನಿನಲ್ಲಿ ಬರುವ ಸಾಲದ ಜಾಹೀರಾತಿನ ಹಿಂದಿರುವ ಕಂಪನಿಯ ವಿಳಾಸ ನೋಡಿ. 'ಸೇನಾಪತಿ ಬಾಪಟ್ ಮಾರ್ಗ, ಲೋವರ್ ಪರೇಲ್' ಎಂದಿದ್ದರೆ ಆಶ್ಚರ್ಯಪಡಬೇಡಿ.

ಇದನ್ನು ಸಾಮಾನ್ಯವಾಗಿ 'ಅಭಿವೃದ್ಧಿ' ಅನ್ನುತ್ತಾರೆ. ಹಳೆಯದು ಹೋಯಿತು, ಹೊಸದು ಬಂತು ಅನ್ನುತ್ತಾರೆ. ಹೊಸದು ಬಂದದ್ದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಪಾಲಿನ ಬಗ್ಗೆ. ಆ ಜಾಗದಲ್ಲಿ ಊರಿಗೆ, ದುಡಿದವರಿಗೆ ಪಾಲು ಕೊಡುತ್ತೇವೆಂದು ಸರ್ಕಾರವೇ ಕಾಗದದ ಮೇಲೆ ಬರೆದುಕೊಟ್ಟಿತ್ತು. ಹತ್ತು ವರ್ಷ ಕಳೆದ ಮೇಲೆ ಅದೇ ಕಾಗದದಲ್ಲಿ ಒಂದೇ ಒಂದು ಸಣ್ಣ ತಿದ್ದುಪಡಿ ಮಾಡಿ ಪಾಲನ್ನು ಕರಗಿಸಿಬಿಟ್ಟಿತು. ಕಟ್ಟಡ ಏಳುವಾಗ ಎಲ್ಲರೂ ತಲೆ ಎತ್ತಿ ನೋಡಿದರು. ಕಾಗದ ಬದಲಾಗುವಾಗ ನೋಡಿದವರು ಕಡಿಮೆ. ಹಳ್ಳಿಯಲ್ಲಿ ಕೂತು ಇದನ್ನು ಓದುವ ನಮಗೆ ಈ ಕಥೆ ಬೇಕಾಗಿರುವುದು ಅದಕ್ಕೇ.

ಹಳ್ಳಿ ಸಾಕಿದ ಮಿಲ್ಲು

ಮುಂಬೈನ ಮೊದಲ ಹತ್ತಿ ಮಿಲ್ಲನ್ನು ಕಾವಸ್‌ಜಿ ದಾವರ್ 1854ರಲ್ಲಿ ಶುರು ಮಾಡಿದರು. ಮುಂದೆ ಒಂದರ ಪಕ್ಕ ಒಂದು ಮಿಲ್ಲು ಎದ್ದವು. ಅಲ್ಲಿ ದುಡಿಯಲು ಬಂದವರು ಮುಂಬೈನವರಲ್ಲ. ರತ್ನಾಗಿರಿ, ಸಾತಾರಾ, ಸಾಂಗ್ಲಿ, ಕೊಲ್ಹಾಪುರದ ಕಡೆಯ ರೈತರ ಮಕ್ಕಳು. ತೆಲುಗು ಸೀಮೆಯ ನೇಕಾರರು, ಉತ್ತರ ಪ್ರದೇಶದವರು. ಬೆಳಗಾವಿ ಕಡೆಯಿಂದ ಹೋದವರೂ ಇದ್ದರು.

ಹೆಂಡತಿ ಮಕ್ಕಳು ಊರಲ್ಲಿ, ಗಂಡಸು ಮುಂಬೈನಲ್ಲಿ. ಒಂದು ಚಾಳದ ಒಂದೇ ಕೋಣೆಯಲ್ಲಿ ಹತ್ತಾರು ಜನ ಪಾಳಿ ಹಾಕಿಕೊಂಡು ಮಲಗುತ್ತಿದ್ದರು. ಹಗಲು ಪಾಳಿಯವನು ಎದ್ದು ಹೋದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಬಂದು ಮಲಗುವುದು. ಊಟಕ್ಕೆ ಖಾನಾವಳಿ. ಅದನ್ನು ನಡೆಸುತ್ತಿದ್ದವರು ಅದೇ ಓಣಿಯ ಹೆಂಗಸರು. ತಿಂಗಳ ಕೊನೆಗೆ ಲೆಕ್ಕ. ಆ ಹೆಂಗಸರು ಬಡ್ಡಿ ಸಾಲದಲ್ಲಿ ಮುಳುಗುವುದನ್ನು ಕಂಡು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು.

ಇಲ್ಲಿ ಒಂದು ಮಾತು ಗಮನಿಸಬೇಕು. ಮಿಲ್ಲಿನ ಕೂಲಿಯಲ್ಲಿ ಇಡೀ ಸಂಸಾರ ನಡೆಯುತ್ತಿರಲಿಲ್ಲ. ಊರಲ್ಲಿ ಹೆಂಡತಿ ತುಂಡು ಹೊಲ ಮಾಡುತ್ತಿದ್ದಳು, ಮುದುಕರನ್ನು ನೋಡಿಕೊಳ್ಳುತ್ತಿದ್ದಳು, ಮಕ್ಕಳನ್ನು ಸಾಕುತ್ತಿದ್ದಳು. ಕಾಯಿಲೆ ಬಿದ್ದವನು ಊರಿಗೆ ಹೋಗುತ್ತಿದ್ದ. ವಯಸ್ಸಾದವನೂ ಊರಿಗೇ ಹೋಗುತ್ತಿದ್ದ. ಮಿಲ್ಲಿನ ಮಾಲೀಕ ಪೂರ್ತಿ ಮನುಷ್ಯನನ್ನು ದುಡಿಸಿಕೊಂಡು ಅರ್ಧ ಮನುಷ್ಯನ ಖರ್ಚು ಕೊಡುತ್ತಿದ್ದ. ಉಳಿದ ಅರ್ಧವನ್ನು ಹಳ್ಳಿ ಕೊಡುತ್ತಿತ್ತು. ಆ ಜಾಗದಲ್ಲಿ ಹಳ್ಳಿಯ ಬಂಡವಾಳವೂ ಇದೆ ಎಂದು ನಾನು ಹೇಳುವುದು ಈ ಲೆಕ್ಕದಿಂದ.

1982ರ ಮುಷ್ಕರ

1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಂದಾಳು ದತ್ತಾ ಸಾಮಂತ್. ಕೂಲಿ, ಬೋನಸ್ ಜೊತೆಗೆ ಇನ್ನೊಂದು ದೊಡ್ಡ ಬೇಡಿಕೆ ಇತ್ತು. 1946ರ ಒಂದು ಕಾಯ್ದೆಯ ಪ್ರಕಾರ ಇಡೀ ಮುಂಬೈನ ಮಿಲ್ಲು ಕಾರ್ಮಿಕರ ಪರವಾಗಿ ಮಾತಾಡುವ ಹಕ್ಕು ಒಂದೇ ಸಂಘಕ್ಕಿತ್ತು. ಕಾರ್ಮಿಕರಿಗೆ ಆ ಸಂಘದ ಮೇಲೆ ನಂಬಿಕೆ ಹೋಗಿತ್ತು. ನಮ್ಮ ಮಾತನ್ನು ನಾವು ಆರಿಸಿದವರು ಆಡಲಿ ಎಂದರು. ಮಾಲೀಕರೂ ಒಪ್ಪಲಿಲ್ಲ, ಸರ್ಕಾರವೂ ಒಪ್ಪಲಿಲ್ಲ.

ಮುಷ್ಕರ ಒಂದು ವರ್ಷ ದಾಟಿತು. ಅಷ್ಟು ಕಾಲ ಹೊಟ್ಟೆಗೆ ಏನು ಮಾಡಿದರು? ಬಹಳ ಮಂದಿ ಊರಿಗೆ ವಾಪಸ್ ಹೋದರು. ಹೊಲದ ಅಕ್ಕಿ, ಜೋಳ ಅವರನ್ನು ಉಳಿಸಿತು. ಹಳ್ಳಿಯೇ ಮತ್ತೊಮ್ಮೆ ಖರ್ಚು ಹೊತ್ತಿತು. ಮುಷ್ಕರ ಮುಗಿಯಿತು ಎಂದು ಯಾರೂ ಅಧಿಕೃತವಾಗಿ ಘೋಷಿಸಲಿಲ್ಲ. ಅದು ಹಾಗೇ ಕರಗಿ ಹೋಯಿತು. ಲಕ್ಷದಷ್ಟು ಜನ ಮತ್ತೆ ಮಿಲ್ಲಿನ ಗೇಟು ಕಾಣಲಿಲ್ಲ.

ಮುಷ್ಕರವೇ ಮಿಲ್ಲುಗಳನ್ನು ಕೊಂದಿತು ಎಂದು ಹೇಳುವವರು ಈಗಲೂ ಇದ್ದಾರೆ. ಅದು ಪೂರ್ತಿ ಸತ್ಯವಲ್ಲ. ಭಿವಂಡಿ, ಇಚಲಕರಂಜಿ, ಮಾಲೇಗಾಂವ್‌ನ ಪವರ್‌ಲೂಮ್‌ಗಳು ಕಡಿಮೆ ಕೂಲಿಯಲ್ಲಿ ಬಟ್ಟೆ ನೇಯುತ್ತಿದ್ದವು. ಮುಂಬೈನ ಬಹಳಷ್ಟು ಮಾಲೀಕರು ಹಳೆಯ ಯಂತ್ರಗಳನ್ನೇ ಸವೆಸುತ್ತಿದ್ದರು, ಲಾಭವನ್ನು ಬೇರೆ ಧಂದೆಗೆ ಹಾಕುತ್ತಿದ್ದರು. ಈ ನಡುವೆ ಮಿಲ್ಲಿನ ಕೆಳಗಿನ ನೆಲಕ್ಕೆ ಮಿಲ್ಲಿಗಿಂತ ಹೆಚ್ಚು ಬೆಲೆ ಬಂದಿತ್ತು. ಬಟ್ಟೆ ನೇಯ್ದು ಹತ್ತು ವರ್ಷದಲ್ಲಿ ಗಳಿಸುವುದನ್ನು ನೆಲ ಮಾರಿ ಒಂದು ದಿನದಲ್ಲಿ ಗಳಿಸಬಹುದು ಎಂದಾದರೆ ಯಾವ ಮಾಲೀಕ ಹೊಸ ಮಗ್ಗ ತರುತ್ತಾನೆ?

ಮೂರು ಪಾಲಿನ ನಿಯಮ

ಆದರೆ ನೆಲ ಮಾರುವುದು ಸುಲಭವಿರಲಿಲ್ಲ. ಅದು ಕೈಗಾರಿಕೆಗೆಂದು ಗೊತ್ತು ಮಾಡಿದ ಜಾಗ. ಕೆಲವು ಮಿಲ್ಲುಗಳ ನೆಲ ಕಡಿಮೆ ಬಾಡಿಗೆಗೆ ಗುತ್ತಿಗೆ ಕೊಟ್ಟ ಸಾರ್ವಜನಿಕ ಜಾಗ. ಎಲ್ಲ ಸೇರಿ 58 ಮಿಲ್ಲುಗಳು, ಸುಮಾರು 600 ಎಕರೆ. ಅದರಲ್ಲಿ 25 ಮಿಲ್ಲುಗಳು ಕೇಂದ್ರ ಸರ್ಕಾರದ ರಾಷ್ಟ್ರೀಯ ಜವಳಿ ನಿಗಮದ ಕೈಯಲ್ಲಿದ್ದವು.

1991ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ನಿಯಮ ತಂದಿತು. ಅದರ ಹೆಸರು ಅಭಿವೃದ್ಧಿ ನಿಯಂತ್ರಣ ನಿಯಮ 58. ಸಾರಾಂಶ ಇಷ್ಟು. ಮಿಲ್ಲಿನ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸಬಹುದು, ಆದರೆ ಜಾಗವನ್ನು ಹೆಚ್ಚುಕಡಿಮೆ ಮೂರು ಪಾಲು ಮಾಡಬೇಕು. ಒಂದು ಪಾಲು ಮುಂಬೈ ಪಾಲಿಕೆಗೆ, ಉದ್ಯಾನ, ಆಟದ ಮೈದಾನದಂಥ ಬಯಲಿಗಾಗಿ. ಇನ್ನೊಂದು ಪಾಲು ಗೃಹಮಂಡಳಿಗೆ, ಸಾಮಾನ್ಯ ಜನರ ಮನೆಗಳಿಗಾಗಿ. ಉಳಿದ ಪಾಲು ಮಾಲೀಕನಿಗೆ. ಮಾಲೀಕನಿಗೆ ಬಂದ ಹಣವೂ ಬೇರೆ ಖಾತೆಯಲ್ಲಿರಬೇಕು. ಕಾರ್ಮಿಕರ ಬಾಕಿ ತೀರಿಸಲು, ಮಿಲ್ಲು ಸುಧಾರಿಸಲು ಅದನ್ನು ಬಳಸಬೇಕು.

ಇದು ಕೆಟ್ಟ ನಿಯಮವಲ್ಲ. ಮುಂಬೈನಂಥ ಉಸಿರುಗಟ್ಟಿದ ನಗರದ ನಟ್ಟನಡುವೆ ಇನ್ನೂರು ಎಕರೆ ಬಯಲು, ಇನ್ನೂರು ಎಕರೆ ಮನೆಗಳು ಸಿಗುತ್ತವೆಂದರೆ ಸಣ್ಣ ಮಾತಲ್ಲ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿಯನ್ನೂ ಸರ್ಕಾರ ನೇಮಿಸಿತು. ಜವಳಿ ನಿಗಮದ ಮಿಲ್ಲುಗಳ ಜಾಗವನ್ನು ತುಂಡು ತುಂಡಾಗಿ ನೋಡಬೇಡಿ, ಒಟ್ಟಿಗೆ ಸೇರಿಸಿ ಯೋಜನೆ ಮಾಡಿ, ರೈಲು ನಿಲ್ದಾಣಗಳ ಬಳಿ ಜನ ಓಡಾಡಲು ಬಯಲು ಬಿಡಿ ಎಂಬುದು ಅವರ ಸಲಹೆಯ ತಿರುಳು. ವರದಿ ಬಂತು, ಕಪಾಟು ಸೇರಿತು.

ಒಂದು ಪದ ಮಾಡಿದ ಕೆಲಸ

2001ರಲ್ಲಿ ನಿಯಮ 58ಕ್ಕೆ ತಿದ್ದುಪಡಿ ಬಂತು. ಮೂರು ಪಾಲು ಅನ್ನುವುದು ಹಾಗೇ ಉಳಿಯಿತು. ಬದಲಾದದ್ದು ಯಾವುದನ್ನು ಪಾಲು ಮಾಡಬೇಕು ಅನ್ನುವುದು. ಮೊದಲು ಇಡೀ ಮಿಲ್ಲಿನ ಜಾಗ ಪಾಲಿಗೆ ಬರುತ್ತಿತ್ತು. ತಿದ್ದುಪಡಿಯ ನಂತರ ಕಟ್ಟಡವಿಲ್ಲದೆ 'ಖಾಲಿ' ಇರುವ ಜಾಗ ಮಾತ್ರ ಪಾಲಿಗೆ ಬಂತು.

ಓದಿದರೆ ಸಣ್ಣ ವಿಷಯ ಅನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಅರ್ಥವಾಗಲೆಂದು ಒಂದು ಮಿಲ್ಲು 15 ಎಕರೆ ಇದೆ ಅಂದುಕೊಳ್ಳಿ. ಮಿಲ್ಲು ಅಂದ ಮೇಲೆ ಶೆಡ್ಡು, ಗೋದಾಮು, ಬಾಯ್ಲರ್ ಮನೆ ಎಲ್ಲ ಇರುತ್ತವೆ. 12 ಎಕರೆಯಲ್ಲಿ ಕಟ್ಟಡ, 3 ಎಕರೆ ಖಾಲಿ ಎಂದಿಟ್ಟುಕೊಳ್ಳೋಣ.

ಹಳೆಯ ನಿಯಮದಲ್ಲಿ ಪಾಲಿಕೆಗೆ 5 ಎಕರೆ, ಮನೆಗಳಿಗೆ 5 ಎಕರೆ, ಮಾಲೀಕನಿಗೆ 5 ಎಕರೆ.

ಹೊಸ ನಿಯಮದಲ್ಲಿ ಪಾಲಿಕೆಗೆ 1 ಎಕರೆ, ಮನೆಗಳಿಗೆ 1 ಎಕರೆ, ಮಾಲೀಕನಿಗೆ 13 ಎಕರೆ.

ನಮ್ಮೂರಲ್ಲಿ ಅಣ್ಣತಮ್ಮಂದಿರ ಪಾಲಿನಲ್ಲಿ ಯಾರಾದರೂ ಹೀಗೆ ಮಾಡಿದರೆ ಪಂಚಾಯ್ತಿ ಸೇರುತ್ತದೆ. 'ಮನೆ, ಕೊಟ್ಟಿಗೆ, ಕಣ ಇರುವ ಜಾಗವೆಲ್ಲ ನನ್ನದು, ಮೂಲೆಯಲ್ಲಿ ಖಾಲಿ ಬಿದ್ದಿರುವುದನ್ನು ಮೂರು ಭಾಗ ಮಾಡೋಣ ಬಾ' ಅಂದರೆ ಯಾರು ಒಪ್ಪುತ್ತಾರೆ? ಅಲ್ಲಿ ನಡೆದದ್ದು ಅದೇ. ಮಿಲ್ಲಿನ ಶೆಡ್ಡುಗಳನ್ನು ಮುಂದೆ ಹೇಗೂ ಕೆಡವಿ ಹಾಕಿದರು. ಕೆಡವಿದ ಮೇಲೆ ಅದೂ ಖಾಲಿ ಜಾಗವೇ ಅಲ್ಲವೇ?

ಈ ಪ್ರಶ್ನೆಯೇ ಕೋರ್ಟಿಗೆ ಹೋಯಿತು. ಪರಿಸರ ಸಂಘಟನೆಯೊಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. 2005ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಅರ್ಜಿದಾರರ ಮಾತು ಒಪ್ಪಿತು. ಕಟ್ಟಡ ಕೆಡವಿದ ಮೇಲೆ ಸಿಗುವ ನೆಲವನ್ನೂ ಪಾಲಿಗೆ ಸೇರಿಸಬೇಕು ಎಂದಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ 2001ರ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಲ್ಲಿಗೆ ಮೂರು ಪಾಲಿನ ಮಾತು ಮುಗಿಯಿತು.

ನೆಲ ಎಷ್ಟಕ್ಕೆ ಹೋಯಿತು

ಕೋರ್ಟಿನಲ್ಲಿ ವಾದ ನಡೆಯುತ್ತಿದ್ದ 2005ರಲ್ಲೇ ಜವಳಿ ನಿಗಮ ತನ್ನ ಮಿಲ್ಲುಗಳನ್ನು ಹರಾಜಿಗಿಟ್ಟಿತು. ಜುಪಿಟರ್ ಮಿಲ್ಲಿನ ಸುಮಾರು 11 ಎಕರೆ 276 ಕೋಟಿಗೆ ಹೋಯಿತು. ಮುಂಬೈ ಟೆಕ್ಸ್‌ಟೈಲ್ ಮಿಲ್ಲಿನ ಸುಮಾರು 17 ಎಕರೆಗೆ 702 ಕೋಟಿ ಬಂತು. ಆಗ ಪತ್ರಿಕೆಗಳು ದಾಖಲೆ ಬೆಲೆ ಎಂದು ಬರೆದವು. ಏಳು ವರ್ಷ ಕಳೆದು 2012ರಲ್ಲಿ ಅದೇ 17 ಎಕರೆಯನ್ನು ಕೊಂಡ ಕಂಪನಿ ಇನ್ನೊಂದು ಕಂಪನಿಗೆ ಸುಮಾರು 2,700 ಕೋಟಿಗೆ ಮಾರಿತು.

ಏಳು ವರ್ಷದಲ್ಲಿ ಸುಮಾರು ಎರಡು ಸಾವಿರ ಕೋಟಿ ಹೆಚ್ಚಾಯಿತಲ್ಲ, ಅದು ಯಾರ ದುಡಿಮೆ? ನೆಲ ತಾನಾಗಿ ಬೆಳೆಯುವುದಿಲ್ಲ. ಪಕ್ಕದಲ್ಲಿ ರೈಲು ಇದೆ, ರಸ್ತೆ ಇದೆ, ನೀರು ಇದೆ, ಸುತ್ತ ಒಂದು ಇಡೀ ನಗರ ಇದೆ. ಇದೆಲ್ಲವನ್ನೂ ಜನರ ತೆರಿಗೆ ಮತ್ತು ಬೆವರು ಕಟ್ಟಿದೆ. ಲಾಭ ಮಾತ್ರ ಪತ್ರ ಯಾರ ಹೆಸರಿನಲ್ಲಿದೆಯೋ ಅವರಿಗೆ ಹೋಯಿತು.

ಕಾರ್ಮಿಕರಿಗೆ ಏನು ಸಿಕ್ಕಿತು? ಗೃಹಮಂಡಳಿಗೆ ಬಂದ ಜಾಗದಲ್ಲಿ ಅವರಿಗೆ ಮನೆ ಕೊಡುವ ಯೋಜನೆ ಬಂತು. ಅರ್ಜಿ ಹಾಕಿದ ಕುಟುಂಬಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಜಾಗವೇ ಕರಗಿ ಹೋಗಿತ್ತಲ್ಲ, ಹಾಗಾಗಿ ಲಾಟರಿ. 2012ರಲ್ಲಿ ಮೊದಲ ದೊಡ್ಡ ಲಾಟರಿ ಎತ್ತಿದರು, ಸುಮಾರು ಏಳು ಸಾವಿರ ಮನೆಗಳಿಗೆ. 2020ರ ಮಾರ್ಚಿನಲ್ಲಿ ಇನ್ನೊಂದು, 3,894 ಮನೆಗಳಿಗೆ. ಅರ್ಜಿ ಹಾಕಿದವರಲ್ಲಿ ಬಹುಪಾಲು ಜನ ಇನ್ನೂ ಕಾಯುತ್ತಿದ್ದಾರೆ. ಕೆಲವರಿಗೆ ಪನ್ವೇಲ್ ಕಡೆ ಮನೆ ಬಂತು. ಇನ್ನು ಕೆಲವರಿಗೆ ಶೇಲು, ವಾಂಗಣಿಯಂಥ ದೂರದ ಊರುಗಳನ್ನು ತೋರಿಸುತ್ತಿದ್ದಾರೆ. ಮಿಲ್ಲು ಇದ್ದದ್ದು ಪರೇಲ್‌ನಲ್ಲಿ, ಮನೆ ಸಿಗುವುದು ಲೋಕಲ್ ರೈಲಿನಲ್ಲಿ ಒಂದೂವರೆ, ಎರಡು ತಾಸಿನಾಚೆ. 1982ರಲ್ಲಿ ಮೂವತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಲಾಟರಿ ಅವರಿಗಾಗಿ ಕಾಯಬಹುದು, ವಯಸ್ಸು ಕಾಯುವುದಿಲ್ಲ.

ಬಯಲು ಬಿಡದೆ ಹೋದರೆ

ಊರಿನ ಪಾಲಿಗೆ ಬರಬೇಕಿದ್ದ ಬಯಲು ಬರದೆ ಹೋದದ್ದರ ಬೆಲೆಯನ್ನು ಎಲ್ಲರೂ ಕಟ್ಟಿದರು. ಮಿಲ್ಲಿನ ಕಾಲದಲ್ಲಿ ಕಾರ್ಮಿಕರು ಚಾಳದಿಂದ ನಡೆದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಕಚೇರಿಗಳು ಬಂದ ಮೇಲೆ ಜನ ದೂರದೂರದಿಂದ ರೈಲಿನಲ್ಲಿ ಬರತೊಡಗಿದರು. ನಿಲ್ದಾಣ, ಮೇಲ್ಸೇತುವೆ ಮಾತ್ರ ಹಳೆಯವೇ.

2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಯಲ್ಲಿ, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಮೇಲ್ಸೇತುವೆಯಲ್ಲಿ ನೂಕುನುಗ್ಗಲು ಆಗಿ 23 ಜನ ಸತ್ತರು. ಸರಿಯಾಗಿ ಮೂರು ತಿಂಗಳಿಗೆ, ಡಿಸೆಂಬರ್ 29ರ ನಡುರಾತ್ರಿ, ಕಮಲಾ ಮಿಲ್ಲಿನ ಆವರಣದ ಮಹಡಿ ಮೇಲಿನ ಪಬ್ಬಿಗೆ ಬೆಂಕಿ ಬಿದ್ದು 14 ಜನ ಸತ್ತರು. ಮೊದಲನೆಯದರಲ್ಲಿ ಸತ್ತವರು ರೈಲಿನ ಪ್ರಯಾಣಿಕರು. ಎರಡನೆಯದರಲ್ಲಿ ಸತ್ತವರು ಹುಟ್ಟುಹಬ್ಬಕ್ಕೆ, ಊಟಕ್ಕೆ ಬಂದಿದ್ದವರು. ಯೋಜನೆಯಿಲ್ಲದೆ ತುರುಕಿದ ಜಾಗ ಬಡವ ಬಲ್ಲಿದ ಎಂದು ನೋಡುವುದಿಲ್ಲ. ಕೊರಿಯಾ ವರದಿ ಕಪಾಟಿನಲ್ಲಿ ಕೂತು ಆಗಲೇ ಇಪ್ಪತ್ತು ವರ್ಷ ದಾಟಿತ್ತು.

'ಮಿಲ್ಲು ಮುಚ್ಚಬಾರದಿತ್ತು ಅಂತೀರಾ?'

ಇದನ್ನು ಹೇಳಿದಾಗೆಲ್ಲ ಒಂದು ಪ್ರಶ್ನೆ ಬರುತ್ತದೆ. ಹಳೇ ಮಿಲ್ಲುಗಳನ್ನು ಇಟ್ಟುಕೊಂಡು ಪೂಜೆ ಮಾಡಬೇಕಿತ್ತೇ? ಹತ್ತಿಯ ಧೂಳು ಕುಡಿದು ಎದೆ ಕೆಡಿಸಿಕೊಳ್ಳುವ ಕೆಲಸಕ್ಕಿಂತ ಎಸಿ ಕಚೇರಿಯ ಕೆಲಸ ಒಳ್ಳೆಯದಲ್ಲವೇ? ಬ್ಯಾಂಕು, ಹಣಕಾಸಿನ ಕಂಪನಿಗಳು ತೆರಿಗೆ ಕಟ್ಟುತ್ತವೆ, ಸಾವಿರಾರು ಜನರಿಗೆ ಸಂಬಳ ಕೊಡುತ್ತವೆ.

ಇದರಲ್ಲಿ ಸತ್ಯವಿದೆ. ಮಿಲ್ಲಿನ ಕೆಲಸ ಸ್ವರ್ಗವಾಗಿರಲಿಲ್ಲ. ನಗರದ ನಡುವಿನ ನೆಲದಲ್ಲಿ ಬಟ್ಟೆ ನೇಯುವ ಕಾಲ ಮುಗಿದಿತ್ತು ಅನ್ನುವುದನ್ನೂ ಒಪ್ಪುತ್ತೇನೆ. ನಮ್ಮ ಬೆಂಗಳೂರಿನಲ್ಲೂ ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಎದ್ದಿದೆ, ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿವೆ.

ಆದರೆ 1991ರ ನಿಯಮ ಮಿಲ್ಲು ಮುಚ್ಚಬೇಡಿ ಎಂದಿರಲಿಲ್ಲ. ಕಚೇರಿ ಕಟ್ಟಬೇಡಿ ಎಂದೂ ಹೇಳಿರಲಿಲ್ಲ. ಕಟ್ಟಿ, ಆದರೆ ಪಾಲು ಕೊಡಿ ಎಂದಿತ್ತು. ಪಾಲು ಕೊಟ್ಟಿದ್ದರೂ ಹಣಕಾಸಿನ ಕಚೇರಿಗಳು ಬರುತ್ತಿದ್ದವು. ಅವುಗಳ ಪಕ್ಕದಲ್ಲಿ ಮೈದಾನವೂ ಇರುತ್ತಿತ್ತು, ಕಾರ್ಮಿಕರ ಮನೆಯೂ ಇರುತ್ತಿತ್ತು. ಕಚೇರಿ ಬೇಕೋ ಮಿಲ್ಲು ಬೇಕೋ ಎಂದು ಕೇಳುವುದೇ ದಾರಿ ತಪ್ಪಿಸುವ ಪ್ರಶ್ನೆ.

ಇನ್ನು ಕೆಲಸದ ಮಾತು. ಮಗ್ಗ ನಡೆಸಿದವನಿಗೆ ಹಣಕಾಸಿನ ಕಂಪನಿಯಲ್ಲಿ ಕುರ್ಚಿ ಸಿಗಲಿಲ್ಲ. ಅವನ ಓಣಿಯ ಹುಡುಗರಲ್ಲಿ ಎಷ್ಟೋ ಜನ ಅದೇ ಕಟ್ಟಡಗಳ ಗೇಟಿನಲ್ಲಿ ವಾಚ್‌ಮನ್ ಆದರು, ಹೌಸ್‌ಕೀಪಿಂಗ್ ಸೇರಿದರು, ಪಾರ್ಸಲ್ ಹೊತ್ತರು. ಅಪ್ಪನಿಗೆ ಖಾಯಂ ಕೆಲಸ, ಪಿಎಫ್, ಸಂಘ ಇತ್ತು. ಮಗನಿಗೆ ಗುತ್ತಿಗೆದಾರನ ಫೋನ್ ನಂಬರ್ ಇದೆ.

ಇದರಿಂದ ನಮಗೇನು?

1974 ಎಂದರೆ ನಮ್ಮ ಮನೆಗಳ ಹಿರಿಯರಿಗೆ ಗೊತ್ತು. ಉಳುವವನೇ ಹೊಲದೊಡೆಯ ಎಂದು ಕರ್ನಾಟಕದಲ್ಲಿ ಗೇಣಿದಾರರು ಅರ್ಜಿ ಹಾಕಿದ ಕಾಲ. ಅದೇ ವರ್ಷ ಕೇಂದ್ರ ಸರ್ಕಾರ ದೇಶದ ನಷ್ಟದ ಮಿಲ್ಲುಗಳನ್ನು ಕಾಯ್ದೆ ಮಾಡಿ ರಾಷ್ಟ್ರೀಕರಣ ಮಾಡಿತು. ಇಲ್ಲಿ ಉತ್ತವನಿಗೆ ನೆಲ ಎಂದರು. ಅಲ್ಲಿ ನೇಯ್ದವನಿಗೆ ಒಂದು ಮೂಲೆ ಎಂದೂ ಯಾರೂ ಹೇಳಲಿಲ್ಲ. ಕೊನೆಗೆ ನಿಯಮದಲ್ಲಿ ಬರೆದಿದ್ದ ಪಾಲೂ ಹೋಯಿತು.

ಈಗ ಆ ನೋಟವನ್ನು ನಮ್ಮ ಊರಿನ ಕಡೆ ತಿರುಗಿಸಿ. ಹೆದ್ದಾರಿ, ಕೈಗಾರಿಕಾ ಪ್ರದೇಶ, ಲೇಔಟ್, ಸೋಲಾರ್ ಪಾರ್ಕ್ ಎಂದು ಪ್ರತಿ ತಾಲ್ಲೂಕಿನಲ್ಲೂ ನೆಲದ ಬಣ್ಣ ಬದಲಾಗುತ್ತಿದೆ. ಮೊದಲು ಬರುವುದು ಜೆಸಿಬಿ ಅಲ್ಲ. ಮೊದಲು ಬರುವುದು ಕಾಗದ. ಕೆಐಎಡಿಬಿಯ 28(1) ನೋಟಿಸು, ಮಾಸ್ಟರ್ ಪ್ಲಾನಿನ ಕರಡು, ರಾಜ್ಯಪತ್ರದ ಒಂದು ತಿದ್ದುಪಡಿ. ಆಕ್ಷೇಪಣೆ ಸಲ್ಲಿಸಲು ಗಡುವು ಇರುತ್ತದೆ. ಗಡುವು ಮುಗಿದ ಮೇಲೆ ನಾವು ಧರಣಿ ಕೂರುತ್ತೇವೆ.

ಧರಣಿಯೂ ಗೆಲ್ಲುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆಯ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಹೇಳಿತು. ಆದರೆ ಮೂರು ವರ್ಷ ಹೊಲ ಬಿಟ್ಟು ಬಂದು ಕೂರುವ ಶಕ್ತಿ ಎಲ್ಲ ಊರಿಗೂ ಇರುವುದಿಲ್ಲ.

ಹಾಗಾಗಿ ಮೂರು ಕೆಲಸ ಮಾಡೋಣ. ಒಂದು, ನಿಮ್ಮ ಹೋಬಳಿಯ ಹೆಸರು ಇರುವ ಯಾವುದೇ ಭೂಮಿ ಅಧಿಸೂಚನೆಯ ಪ್ರತಿ ಪಂಚಾಯ್ತಿಯಲ್ಲಿ ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ, ಅಲ್ಲೇ ಗಟ್ಟಿಯಾಗಿ ಓದಿಸಿ. ಎರಡು, ಪಾಲಿನ ಭರವಸೆ ಕೊಟ್ಟರೆ ಅದು ಯಾವುದರ ಪಾಲು ಎಂದು ಕೇಳಿ. ಒಟ್ಟು ಜಾಗದ್ದೋ, ಉಳಿದ ಜಾಗದ್ದೋ? ಒಟ್ಟು ಲಾಭದ್ದೋ, ಖರ್ಚು ಕಳೆದದ್ದೋ? ಮೂರು, ಒಪ್ಪಂದ ಆದ ಹತ್ತು ವರ್ಷದ ನಂತರವೂ ಆ ಕಾಗದದ ಮೇಲೆ ಕಣ್ಣಿಡಲು ಊರಲ್ಲಿ ಓದು ಬರಹ ಕಲಿತ ಇಬ್ಬರು ಹುಡುಗ ಹುಡುಗಿಯರಿಗೆ ಜವಾಬ್ದಾರಿ ಕೊಡಿ. ಮುಂಬೈ ಕಾರ್ಮಿಕರ ಪಾಲು 1991ರಲ್ಲಿ ಹೋಗಲಿಲ್ಲ, 2001ರಲ್ಲಿ ಹೋಯಿತು.

ನಿಮ್ಮ ಊರಿಗೆ ಇಂಥ ನೋಟಿಸು ಬಂದಿದ್ದರೆ ಫೋಟೊ ತೆಗೆದು ನಮಗೆ ಕಳಿಸಿ. ಸರ್ಕಾರಿ ಕನ್ನಡವನ್ನು ನಮ್ಮ ಕನ್ನಡಕ್ಕೆ ಬಿಡಿಸಿ ಹೇಳುವ ಕೆಲಸ ನಾವು ಮಾಡುತ್ತೇವೆ. ಗಡುವು ಮುಗಿಯುವ ಮೊದಲು ಕಳಿಸಿ.